ಮನೆಯ ವೈದ್ಯರೂ ಮನೆಮಂದಿಯ ಆಯುಷ್ಯವೂ

ಮನೆಯವರೆಲ್ಲರಿಗೂ ಒಬ್ಬರೇ ವೈದ್ಯರು ಎಂಬ ರೂಢಿ ನಮ್ಮ ಊರು ಪಟ್ಟಣಗಳಲ್ಲಿ ಬಹುಕಾಲ ನಡೆದುಬಂದಿತ್ತು. ಅಜ್ಜನ ದಮ್ಮು, ಸೊಸೆಯ ಬಾಣಂತನ, ಮೊಮ್ಮಗುವಿನ ಕೆಮ್ಮು, ಯಜಮಾನರ ಹೊಟ್ಟೆನೋವು ಎಲ್ಲವೂ ಪೇಟೆಯ ಆ ಒಂದು ಕಿರಿದಾದ ದವಾಖಾನೆಯಲ್ಲಿಯೇ ಬಗೆಹರಿಯುತ್ತಿದ್ದವು. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ ವಂಶದಲ್ಲಿದೆ, ಯಾರು ಗುಟ್ಟಾಗಿ ಬೀಡಿ ಸೇದುತ್ತಾರೆ, ಯಾರ ತಲೆನೋವಿಗೆ ಮನೆಯ ಜಗಳವೇ ಮೂಲ ಎಂಬುದೆಲ್ಲ ಆ ವೈದ್ಯರಿಗೆ ಕಾಗದವಿಲ್ಲದೆ ಗೊತ್ತಿರುತ್ತಿತ್ತು. ಇಂದು ಮೊಣಕಾಲಿಗೊಬ್ಬರು, ಹೃದಯಕ್ಕೊಬ್ಬರು, ಹೊಟ್ಟೆಗೊಬ್ಬರು ಎಂದು ಮೂರು ಆಸ್ಪತ್ರೆಗಳ ಮೂರು ಕಡತಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಅಲೆಯುವ ಹಿರಿಯರನ್ನು ನಾವು ಎಲ್ಲೆಡೆ ಕಾಣುತ್ತೇವೆ. ಒಬ್ಬರು ಬರೆದ ಮಾತ್ರೆ ಮತ್ತೊಬ್ಬರಿಗೆ ತಿಳಿಯದು.

ಹಳೆಯದೆಲ್ಲವೂ ಒಳ್ಳೆಯದಾಗಿತ್ತು ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಆ ಕಾಲದಲ್ಲಿ ಹೆರಿಗೆಯಲ್ಲಿ ಕಣ್ಮುಚ್ಚಿದ ತಾಯಂದಿರೆಷ್ಟು, ಸಿಡುಬು, ಕ್ಷಯಗಳಿಗೆ ತುತ್ತಾದ ಮಕ್ಕಳೆಷ್ಟು ಎಂಬುದನ್ನು ಮರೆಯಲಾಗದು. ಪರಿಣತ ವೈದ್ಯರಿಂದಲೇ ಬದುಕುಳಿದವರು ಇಂದು ಪ್ರತಿ ಓಣಿಯಲ್ಲಿಯೂ ಇದ್ದಾರೆ. ನಾವು ಕೇಳಬಯಸುವ ಪ್ರಶ್ನೆ ಬೇರೆ. ಒಂದು ಕುಟುಂಬವನ್ನು ವರ್ಷಗಟ್ಟಲೆ ಬಲ್ಲ ಒಬ್ಬ ವೈದ್ಯರಿರುವುದು ಬರಿಯ ವಿಶ್ವಾಸದ, ಅನುಕೂಲದ ಮಾತೋ, ಅಥವಾ ಅದರಿಂದ ನಿಜವಾಗಿಯೂ ಜನರ ಆಯುಷ್ಯ ಹೆಚ್ಚುತ್ತದೆಯೋ? ಕಳೆದ ಆರೇಳು ದಶಕಗಳಲ್ಲಿ ಕೆಲವು ದೇಶಗಳಲ್ಲಿ ನಡೆದ ಸಂಶೋಧನೆಗಳು ಈ ಪ್ರಶ್ನೆಗೆ ಅಂಕಿ ಅಂಶಗಳ ಸಹಿತ ಉತ್ತರ ನೀಡಿವೆ. ಆ ಉತ್ತರವನ್ನು ನಮ್ಮ ಕುಟುಂಬಗಳೂ ತಿಳಿದುಕೊಳ್ಳುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ಸಾವಿರ ಜನರಲ್ಲಿ ಒಬ್ಬ

1961ರಲ್ಲಿ ಅಮೆರಿಕದ ಕೆರ್ ವೈಟ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಗಳೊಡನೆ ಒಂದು ಸರಳವಾದ ಲೆಕ್ಕವನ್ನು ಪ್ರಕಟಿಸಿದರು. ಸಾವಿರ ಮಂದಿ ವಯಸ್ಕರನ್ನು ಒಂದು ತಿಂಗಳ ಕಾಲ ಗಮನಿಸಿದರೆ ಅವರಲ್ಲಿ ಸುಮಾರು 750 ಮಂದಿಗೆ ಯಾವುದಾದರೊಂದು ಅಸ್ವಸ್ಥತೆ ಅಥವಾ ಪೆಟ್ಟು ಕಾಣಿಸಿಕೊಳ್ಳುತ್ತದೆ. ವೈದ್ಯರ ಬಳಿಗೆ ಹೋಗುವವರು 250 ಮಂದಿ. ಆಸ್ಪತ್ರೆಗೆ ದಾಖಲಾಗುವವರು 9 ಮಂದಿ. ಇನ್ನೊಬ್ಬ ವೈದ್ಯರ ಸಲಹೆಗೆಂದು ಕಳುಹಿಸಲ್ಪಡುವವರು 5 ಮಂದಿ. ವೈದ್ಯಕೀಯ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆಯನ್ನು ತಲುಪುವವನು ಒಬ್ಬನೇ ಒಬ್ಬ.

ಈ ಲೆಕ್ಕದ ಮರ್ಮವನ್ನು ಸ್ವಲ್ಪ ಯೋಚಿಸಬೇಕು. ವೈದ್ಯ ವಿದ್ಯಾರ್ಥಿಗಳು ಕಲಿಯುವುದು ಆ ಒಬ್ಬನನ್ನು ನೋಡಿ. ಸಂಶೋಧನೆಗಳು ನಡೆಯುವುದೂ ಹೆಚ್ಚಾಗಿ ಆ ಒಬ್ಬನ ಮೇಲೆ. ಹಣ ವ್ಯಯವಾಗುವುದೂ ಬಹುಪಾಲು ಅಲ್ಲಿಯೇ. ಉಳಿದ 249 ಮಂದಿಯನ್ನು ನೋಡುವ ಊರ ವೈದ್ಯರ ಕೆಲಸದ ಬಗ್ಗೆ ಶಾಸ್ತ್ರವು ಬಹುಕಾಲ ಮೌನವಾಗಿತ್ತು. ಅದೊಂದು ಅಧ್ಯಯನಯೋಗ್ಯ ಕ್ಷೇತ್ರವೆಂದು ಯಾರಿಗೂ ತೋಚಿರಲಿಲ್ಲ ಎಂದರೂ ತಪ್ಪಾಗದು.

ಯಾರಿಗೂ ಎಂದರೆ ಪೂರ್ಣ ಸತ್ಯವಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಏಸ್‌ಗಾರ್ತ್ ಎಂಬ ಹಳ್ಳಿಯಲ್ಲಿ ವಿಲಿಯಂ ಪಿಕಲ್ಸ್ ಎಂಬ ವೈದ್ಯರಿದ್ದರು. 1929ರಲ್ಲಿ ಆ ಕಣಿವೆಯಲ್ಲಿ ಕಾಮಾಲೆ ಹರಡಿತು. ಬೆಳಿಗ್ಗೆ ತಾವು ಹಾಸಿಗೆಯಲ್ಲಿ ಕಂಡ ಒಬ್ಬ ರೋಗಿ ಹುಡುಗಿ ಅದೇ ದಿನ ಊರ ಉತ್ಸವದಲ್ಲಿ ಕೆಲಸಕ್ಕೆ ನಿಂತಿದ್ದಳೆಂಬ ಸಂಗತಿ ಅವರಿಗೆ ತಿಳಿದುಬಂತು. ಉತ್ಸವಕ್ಕೆ ಹೋಗಿದ್ದವರಲ್ಲಿ ಯಾರು ಯಾರಿಗೆ, ಎಷ್ಟನೆಯ ದಿನ ಕಾಮಾಲೆ ಬಂತೆಂದು ಲೆಕ್ಕವಿಟ್ಟು, ಸೋಂಕು ತಗಲಿದ ಮೇಲೆ ರೋಗ ಕಾಣಿಸಿಕೊಳ್ಳಲು 26ರಿಂದ 35 ದಿನಗಳು ಬೇಕೆಂದು ಅವರು ತೋರಿಸಿದರು. ನಗರದ ಆಸ್ಪತ್ರೆಯಲ್ಲಿ ಕುಳಿತ ಮಹಾಪಂಡಿತನಿಗೂ ಇದು ಸಾಧ್ಯವಿರಲಿಲ್ಲ. ಯಾರು ಯಾರ ಮನೆಗೆ ಹೋಗಿಬಂದರು ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಪಿಕಲ್ಸ್ ತಮ್ಮ ಅವಲೋಕನಗಳನ್ನೆಲ್ಲ 1939ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಮುಂದೆ ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರ ಕಾಲೇಜು ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದವರು ಅವರೇ.

ಆದರೆ ನಾವು ಇಲ್ಲಿ ವಿಸ್ತಾರವಾಗಿ ಹೇಳಬೇಕೆಂದಿರುವುದು ಇನ್ನೊಬ್ಬರ ವಿಷಯವನ್ನು.

ಗಣಿಯೂರಿನ ವೈದ್ಯರು

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡಿದೆ. ಅದರ ದಕ್ಷಿಣ ಭಾಗದ ಕಣಿವೆಗಳೆಲ್ಲ ಕಲ್ಲಿದ್ದಲ ಗಣಿಗಳಿಂದ ತುಂಬಿದ್ದವು. ಅಂತಹ ಒಂದು ಕಣಿವೆಯ ಕೊನೆಯಲ್ಲಿ, ಬೆಟ್ಟದ ಸಂದಿನಲ್ಲಿ, ಗ್ಲಿನ್‌ಕೊರ್ರುಗ್ ಎಂಬ ಹಳ್ಳಿ. ಜನಸಂಖ್ಯೆ ಸುಮಾರು ಎರಡು ಸಾವಿರ. ಗಂಡಸರು ಗಣಿಯಲ್ಲಿ ದುಡಿಯುವವರು. ಇದ್ದಲ ಧೂಳು, ಸಿಗರೇಟು, ದುಡಿಮೆಯ ಆಯಾಸ ಇವುಗಳ ನಡುವೆ ಐವತ್ತು ಅರವತ್ತರ ಒಳಗೇ ಪಾರ್ಶ್ವವಾಯುವಿಗೋ ಹೃದಯಾಘಾತಕ್ಕೋ ಬಲಿಯಾಗುವವರು ಅನೇಕ. 1970ರಲ್ಲಿ ಆ ಊರಿನ ಗಣಿಯೂ ಮುಚ್ಚಿತು. ಬಡತನಕ್ಕೆ ನಿರುದ್ಯೋಗವೂ ಸೇರಿಕೊಂಡಿತು.

ಈ ಊರಿಗೆ 1961ರಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ತರುಣ ವೈದ್ಯರು ಬಂದು ನೆಲೆಸಿದರು. 1927ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ತಂದೆ ತಾಯಿ ಇಬ್ಬರೂ ವೈದ್ಯರು. ಕೇಂಬ್ರಿಜ್‌ನಲ್ಲಿ ಓದಿದ್ದರು. ರೋಗಗಳು ಜನಸಮುದಾಯದಲ್ಲಿ ಹರಡುವ ಬಗೆಯನ್ನು ಅಭ್ಯಸಿಸಿದ ರಿಚರ್ಡ್ ಡಾಲ್, ಆರ್ಚಿ ಕಾಕ್ರನ್ ಅವರಂತಹ ಪ್ರಸಿದ್ಧರ ಕೈಕೆಳಗೆ ಕೆಲಸ ಮಾಡಿದ್ದರು. ಮನಸ್ಸು ಮಾಡಿದ್ದರೆ ಲಂಡನ್ನಿನ ಯಾವುದಾದರೂ ದೊಡ್ಡ ಆಸ್ಪತ್ರೆಯಲ್ಲಿ ಕೀರ್ತಿ ಗಳಿಸಬಹುದಾಗಿತ್ತು. ಅವರು ಗಣಿಯೂರನ್ನು ಆರಿಸಿಕೊಂಡರು. ರಾಜಕೀಯವಾಗಿ ಅವರು ಕಟ್ಟಾ ಎಡಪಂಥೀಯರು. ಆ ವಿಚಾರಗಳನ್ನು ಒಪ್ಪುವುದೋ ಬಿಡುವುದೋ ಓದುಗರ ಇಚ್ಛೆ. ಆದರೆ ಅವರು ಮಾಡಿದ ಕೆಲಸದ ಲೆಕ್ಕಪತ್ರವನ್ನು ವಿರೋಧಿಗಳೂ ಅಲ್ಲಗಳೆಯಲಾರರು.

ಬಂದ ಮೊದಲ ವರ್ಷಗಳಲ್ಲಿ ಅವರು ಮಾಡಿದ್ದು ಹೊರಗಿನವರಿಗೆ ನೀರಸವಾಗಿ ತೋರುವ ಕೆಲಸ. ಪ್ರತಿಯೊಬ್ಬರ ದಾಖಲೆಯನ್ನು ಓದಬಲ್ಲಂತೆ ಕ್ರಮಪಡಿಸಿದರು. ಊರಿನಲ್ಲಿರುವವರು ಯಾರು, ಅವರ ವಯಸ್ಸೆಷ್ಟು, ಹಿಂದೆ ಏನಾಗಿತ್ತು ಎಂಬುದೆಲ್ಲ ಕೈಗೆ ಸಿಗುವಂತಾಯಿತು. ನಮ್ಮ ಕಿರಾಣಿ ಅಂಗಡಿಯವರು ಖಾತೆ ಪುಸ್ತಕವನ್ನಿಡುವಷ್ಟು ಶಿಸ್ತಿನಿಂದ ಊರಿನ ಆರೋಗ್ಯದ ಖಾತೆಯನ್ನಿಟ್ಟರು ಎನ್ನಬಹುದು.

1967ರಲ್ಲಿ ಅಮೆರಿಕದಿಂದ ಒಂದು ಮಹತ್ವದ ವರದಿ ಬಂತು. ರಕ್ತದೊತ್ತಡ ತೀರ ಹೆಚ್ಚಾಗಿರುವವರಿಗೆ, ಅವರಿಗೆ ಏನೂ ತೊಂದರೆ ಕಾಣಿಸದಿದ್ದರೂ, ಔಷಧ ಕೊಟ್ಟು ಒತ್ತಡವನ್ನು ಇಳಿಸಿದರೆ ಪಾರ್ಶ್ವವಾಯು ಮೊದಲಾದ ಅನಾಹುತಗಳನ್ನು ತಡೆಯಬಹುದೆಂದು ಅಲ್ಲಿನ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆ ತೋರಿಸಿತ್ತು. ಅಲ್ಲಿಯವರೆಗೆ ವೈದ್ಯರು ಒತ್ತಡವನ್ನು ಅಳೆಯುತ್ತಿದ್ದುದು ರೋಗಿಗೆ ಏನಾದರೂ ಆದ ಬಳಿಕವೇ. ಟ್ಯೂಡರ್ ಹಾರ್ಟ್ ಯೋಚಿಸಿದ ಬಗೆ ಇದು: ಏರಿದ ಒತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ, ಆದ್ದರಿಂದ ಆ ರೋಗಿ ತಾನಾಗಿ ಬರುವುದಿಲ್ಲ. ಬಾರದಿರುವವನನ್ನು ನಾವೇ ಹುಡುಕಬೇಕು. 1968ರಲ್ಲಿ ಅವರು ಊರಿನ ಎಲ್ಲ ವಯಸ್ಕರ ರಕ್ತದೊತ್ತಡವನ್ನು ಅಳೆಯಲು ತೊಡಗಿದರು.

ಇದಕ್ಕಾಗಿ ಅವರು ಶಾಮಿಯಾನ ಹಾಕಿಸಲಿಲ್ಲ, ದೊಡ್ಡ ಶಿಬಿರವನ್ನು ಏರ್ಪಡಿಸಲಿಲ್ಲ. ನೆಗಡಿಗೆಂದು ಬಂದವನ ತೋಳಿಗೂ ಪಟ್ಟಿ ಸುತ್ತಿದರು. ಮಗುವಿಗೆ ಔಷಧ ಕೇಳಲು ಬಂದ ತಾಯಿಯ ಒತ್ತಡವನ್ನೂ ಅಳೆದರು. ವರ್ಷದಲ್ಲಿ ಒಮ್ಮೆಯಾದರೂ ಊರಿನ ಬಹುಪಾಲು ಜನರು ವೈದ್ಯರ ಬಳಿಗೆ ಬಂದೇ ಬರುತ್ತಾರೆ. ಹಾಗೆಯೂ ಬಾರದೆ ಉಳಿದವರಿಗೆ ಪತ್ರ ಹೋಯಿತು. ಪತ್ರಕ್ಕೂ ಬಾರದವರ ಮನೆಗೆ ವೈದ್ಯರೋ ಸಹಾಯಕರೋ ಹೋದರು. ಅವರ ಪತ್ನಿ ಮೇರಿ ಈ ಸಂಶೋಧನೆಯಲ್ಲಿ ಉದ್ದಕ್ಕೂ ಜತೆಗೂಡಿದರು. ಕೊನೆಗೆ ನಿರಾಕರಿಸಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಒಂದು ಊರಿನ ವೈದ್ಯರು ತಮ್ಮ ಎಲ್ಲ ಜನರ ರಕ್ತದೊತ್ತಡವನ್ನು ಅಳೆದ ಉದಾಹರಣೆ ಅದಕ್ಕೆ ಮೊದಲು ಬೇರೆಲ್ಲಿಯೂ ಕೇಳಿಬಂದಿರಲಿಲ್ಲ. 1970ರಲ್ಲಿ ಅದರ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಳೆಯುವುದು ಸುಲಭ, ಅಳೆದ ಮೇಲೆ ಕೈಬಿಡದಿರುವುದು ಕಷ್ಟ. ಅವರು ವರ್ಷ ವರ್ಷವೂ ತಮ್ಮ ಕೆಲಸವನ್ನು ತಾವೇ ತಪಾಸಣೆ ಮಾಡಿಕೊಂಡರು. ಯಾರ ಒತ್ತಡ ಹತೋಟಿಗೆ ಬಂದಿಲ್ಲ, ಯಾರು ಮಾತ್ರೆ ನಿಲ್ಲಿಸಿದ್ದಾರೆ, ಯಾರು ಇನ್ನೂ ಸಿಗರೇಟು ಬಿಟ್ಟಿಲ್ಲ ಎಂದು ಪಟ್ಟಿ ಮಾಡಿ ಅವರನ್ನು ಮತ್ತೆ ಕರೆಸಿದರು. ತಮ್ಮ ಸಂಶೋಧನೆಯ ವಿಷಯಗಳನ್ನು ಊರವರಿಗೂ ಬಿಡಿಸಿ ಹೇಳುತ್ತಿದ್ದರು. ರೋಗಿಗಳೆಂದರೆ ಪ್ರಯೋಗದ ವಸ್ತುಗಳಲ್ಲ, ಆರೋಗ್ಯವನ್ನು ತಮ್ಮೊಡನೆ ಕೂಡಿ ಉತ್ಪಾದಿಸುವವರು ಎಂಬುದು ಅವರ ನಿಲುವಾಗಿತ್ತು.

ಇಪ್ಪತ್ತೈದು ವರ್ಷಗಳ ಈ ಕೆಲಸದ ಫಲಿತಾಂಶ 1991ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಊರಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಶೇಕಡಾ 61 ಮಂದಿ ಧೂಮಪಾನಿಗಳಾಗಿದ್ದರು. 1985ರ ವೇಳೆಗೆ ಅದು ಶೇಕಡಾ 36ಕ್ಕೆ ಇಳಿದಿತ್ತು. ಏರೊತ್ತಡದ ರೋಗಿಗಳ ಸರಾಸರಿ ರಕ್ತದೊತ್ತಡ ಚಿಕಿತ್ಸೆಗೆ ಮೊದಲು 186/110 ಇದ್ದದ್ದು 146/84ಕ್ಕೆ ಬಂದಿತ್ತು. ಅಷ್ಟೇ ಬಡತನದ, ಅಷ್ಟೇ ಗಣಿಗಾರಿಕೆಯ ನೆರೆಯ ಹಳ್ಳಿಯೊಡನೆ ಹೋಲಿಸಿದಾಗ ಗ್ಲಿನ್‌ಕೊರ್ರುಗ್‌ನಲ್ಲಿ 65 ವರ್ಷದೊಳಗಿನ ಸಾವುಗಳ ಪ್ರಮಾಣ ಸುಮಾರು ಶೇಕಡಾ 30ರಷ್ಟು ಕಡಿಮೆಯಿತ್ತು. ಆ ಹಳ್ಳಿಯಲ್ಲಿಯೂ ವೈದ್ಯರಿದ್ದರು, ಔಷಧವಿತ್ತು, ಉಚಿತ ಚಿಕಿತ್ಸೆಯಿತ್ತು. ಇಲ್ಲದೆ ಇದ್ದುದು ಬಾರದವರನ್ನು ಹುಡುಕಿ ಹೋಗುವ ಕ್ರಮವೊಂದೇ.

ಆ ಲೇಖನದಲ್ಲಿ ಒಬ್ಬ ರೋಗಿಯ ವೃತ್ತಾಂತವಿದೆ. ಎರಕದ ಕಾರ್ಖಾನೆಯ ಕೂಲಿಕಾರ; ದಪ್ಪ ಮೈ, ಏರಿದ ಒತ್ತಡ, ಸಿಗರೇಟು, ಕುಡಿತ. ಅವನಿಗಾಗಿ ಇಪ್ಪತ್ತೈದು ವರ್ಷಗಳಲ್ಲಿ ನಡೆದ ಭೇಟಿಗಳು 310. ವ್ಯಯವಾದ ಕಾಲ 41 ಗಂಟೆ. ಅಂದರೆ ಒಂದೊಂದು ಭೇಟಿಗೆ ಎಂಟು ನಿಮಿಷ. ಆ ಎಂಟು ನಿಮಿಷಗಳಲ್ಲಿ ಯಾವ ಪವಾಡವೂ ನಡೆಯಲಿಲ್ಲ. ಆದರೆ ಅವನಿಗೆ ಪಾರ್ಶ್ವವಾಯು ಬಡಿಯಲಿಲ್ಲ, ಹೃದಯಾಘಾತವಾಗಲಿಲ್ಲ, ಮೂತ್ರಪಿಂಡಗಳು ಕೆಡಲಿಲ್ಲ. ನಡೆಯದೆ ಹೋದ ಈ ಘಟನೆಗಳೇ ತಮ್ಮ ವೃತ್ತಿಯ ನಿಜವಾದ ಸಂತೋಷವೆಂದು ಆ ವೈದ್ಯರು ಬರೆದಿದ್ದಾರೆ. ಶಸ್ತ್ರಚಿಕಿತ್ಸೆಯಿಂದ ಬದುಕಿದವನು ಹಾರ ತುರಾಯಿ ಹಿಡಿದು ಬಂದು ವೈದ್ಯರ ಕಾಲಿಗೆರಗುತ್ತಾನೆ. ಬಾರದೆ ಹೋದ ಲಕ್ವಕ್ಕೆ ಯಾರೂ ಹಾರ ಹಾಕುವುದಿಲ್ಲ. ಅದು ತನಗೆ ಬರಲಿತ್ತು ಎಂಬುದೇ ಅವನಿಗೆ ಗೊತ್ತಿರುವುದಿಲ್ಲ.

ತಿರುಗುಮುರುಗಿನ ನಿಯಮ

ಟ್ಯೂಡರ್ ಹಾರ್ಟ್ ಅವರ ಹೆಸರು ಜಗತ್ತಿಗೆ ಪರಿಚಯವಾದದ್ದು 1971ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಮತ್ತೊಂದು ಲೇಖನದಿಂದ. ಎಲ್ಲಿ ಒಳ್ಳೆಯ ವೈದ್ಯೋಪಚಾರದ ಅಗತ್ಯ ಅತಿ ಹೆಚ್ಚಾಗಿರುವುದೋ ಅಲ್ಲಿಯೇ ಅದು ಅತಿ ಕಡಿಮೆ ದೊರೆಯುತ್ತದೆ. ವೈದ್ಯವು ವ್ಯಾಪಾರದ ಕೈಗೆ ಹೋದಷ್ಟೂ ಈ ವೈಪರೀತ್ಯ ಹೆಚ್ಚುತ್ತದೆ ಎಂಬುದು ಅದರ ಸಾರ. ವೈದ್ಯಶಾಸ್ತ್ರದಲ್ಲಿ ಇದು ‘ತಿರುಗುಮುರುಗು ಆರೈಕೆಯ ನಿಯಮ’ ಎಂಬರ್ಥದ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರ ಸತ್ಯವನ್ನು ಕಾಣಲು ವೇಲ್ಸ್‌ಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಒಂದೇ ರಸ್ತೆಯಲ್ಲಿ ನಾಲ್ಕು ಹೃದ್ರೋಗ ತಜ್ಞರ ನಾಮಫಲಕಗಳನ್ನು ಕಂಡವರು ರಾಯಚೂರು, ಯಾದಗಿರಿ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ಎದೆನೋವು ಬಂದರೆ ಎಷ್ಟು ದೂರ ಹೋಗಬೇಕೆಂದು ಯೋಚಿಸಿದರೆ ಸಾಕು.

ಏರೊತ್ತಡದ ವಿಷಯದಲ್ಲಿ ‘ಅರ್ಧರ್ಧದ ನಿಯಮ’ ಎಂಬ ಇನ್ನೊಂದು ಮಾತಿದೆ. ಇದನ್ನು ಪ್ರಚುರಪಡಿಸಿದವರಲ್ಲಿ ಟ್ಯೂಡರ್ ಹಾರ್ಟ್ ಪ್ರಮುಖರು. ಏರೊತ್ತಡವಿರುವವರಲ್ಲಿ ಅರ್ಧ ಮಂದಿಗೆ ಅದು ಇರುವುದೇ ತಿಳಿದಿಲ್ಲ. ತಿಳಿದವರಲ್ಲಿ ಅರ್ಧ ಮಂದಿ ಚಿಕಿತ್ಸೆ ಪಡೆಯುತ್ತಿಲ್ಲ. ಚಿಕಿತ್ಸೆ ಪಡೆಯುವವರಲ್ಲಿ ಅರ್ಧ ಮಂದಿಯ ಒತ್ತಡ ಹತೋಟಿಯಲ್ಲಿಲ್ಲ. ಕೊನೆಗೆ ಎಂಟರಲ್ಲಿ ಒಬ್ಬನಿಗೆ ಮಾತ್ರ ಔಷಧದ ಪೂರ್ಣ ಪ್ರಯೋಜನ. ಈ ಲೆಕ್ಕ ನಮಗೆ ಪ್ರಸ್ತುತವಾಗುವುದು ಹೇಗೆಂದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಬೃಹತ್ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇಕಡಾ 35.5 ಮಂದಿಗೆ ಏರೊತ್ತಡವಿದೆ, ಶೇಕಡಾ 11.4 ಮಂದಿಗೆ ಮಧುಮೇಹವಿದೆ. ಮಧುಮೇಹಿಗಳ ಸಂಖ್ಯೆಯೇ ಹತ್ತು ಕೋಟಿಯನ್ನು ದಾಟಿದೆ. ಆರು ಮಂದಿ ಹಿರಿಯರಿರುವ ಮನೆಯಲ್ಲಿ ಇಬ್ಬರಿಗೆ ಏರೊತ್ತಡ ಎಂದಾಯಿತು. ಆ ಇಬ್ಬರು ಯಾರೆಂದು ಮನೆಯವರಿಗೆ ಗೊತ್ತಿದೆಯೇ?

ಒಬ್ಬರೇ ವೈದ್ಯರಿದ್ದರೆ

ಒಂದು ಹಳ್ಳಿಯ ಅನುಭವ ಎಷ್ಟೇ ಹಿರಿದಾದರೂ ಒಂದು ಹಳ್ಳಿಯದು. ಅಲ್ಲಿನ ವೈದ್ಯರು ಅಸಾಧಾರಣರು, ಎಲ್ಲರಿಗೂ ಅದು ಸಾಧ್ಯವೇ ಎಂಬ ಸಂದೇಹ ಸಹಜ. ಅದಕ್ಕೆ ಉತ್ತರವನ್ನು ದೊಡ್ಡ ಅಂಕಿಗಳಲ್ಲಿ ಹುಡುಕಬೇಕು.

ನಾರ್ವೆ ದೇಶದಲ್ಲಿ 2001ರಿಂದ ಪ್ರತಿಯೊಬ್ಬ ಪ್ರಜೆಗೂ ಹೆಸರಿಸಿದ ಒಬ್ಬ ಕುಟುಂಬ ವೈದ್ಯರಿರುವ ವ್ಯವಸ್ಥೆ ಜಾರಿಯಲ್ಲಿದೆ. ಅಲ್ಲಿನ ಸಂಶೋಧಕರು 45 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ಬ್ರಿಟನ್ನಿನ ಕುಟುಂಬ ವೈದ್ಯರ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ವರ್ಷದಿಂದ ಒಬ್ಬ ವೈದ್ಯರ ಬಳಿ ಇರುವವರಿಗೆ ಹೋಲಿಸಿದರೆ, ಹದಿನೈದು ವರ್ಷಕ್ಕೂ ಮೇಲ್ಪಟ್ಟು ಒಬ್ಬರೇ ವೈದ್ಯರನ್ನು ಕಾಣುತ್ತಿರುವವರಲ್ಲಿ ರಾತ್ರಿ ಹಾಗೂ ರಜೆಯ ದಿನಗಳ ತುರ್ತು ಸೇವೆಯ ಬಳಕೆ ಶೇಕಡಾ 30ರಷ್ಟು ಕಡಿಮೆ, ಆಸ್ಪತ್ರೆಗೆ ತುರ್ತಾಗಿ ದಾಖಲಾಗುವುದು ಶೇಕಡಾ 28ರಷ್ಟು ಕಡಿಮೆ, ಸಾವಿನ ಸಂಭವ ಶೇಕಡಾ 25ರಷ್ಟು ಕಡಿಮೆ. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಸಂಬಂಧವು ಹಳೆಯದಾದಂತೆ ಪ್ರಯೋಜನವೂ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತ ಹೋಗಿದೆ.

ಇದಕ್ಕೆ ನಾಲ್ಕು ವರ್ಷ ಮೊದಲು, 2018ರಲ್ಲಿ, ಇಂಗ್ಲೆಂಡಿನ ಎಕ್ಸಿಟರ್ ನಗರದ ಡೆನಿಸ್ ಪೆರೇರಾ ಗ್ರೇ ಮತ್ತು ಸಂಗಡಿಗರು ಒಂಬತ್ತು ದೇಶಗಳ 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಅವುಗಳಲ್ಲಿ 18 ಅಧ್ಯಯನಗಳಲ್ಲಿ ಒಬ್ಬರೇ ವೈದ್ಯರನ್ನು ಕಾಣುವವರ ಸಾವಿನ ಪ್ರಮಾಣ ಕಡಿಮೆಯೆಂದು ಕಂಡುಬಂದಿತು. ಕುಟುಂಬ ವೈದ್ಯರಷ್ಟೇ ಅಲ್ಲ, ತಜ್ಞ ವೈದ್ಯರ ವಿಷಯದಲ್ಲಿಯೂ ಇದು ನಿಜವಾಗಿತ್ತು. ಈ ಪೆರೇರಾ ಗ್ರೇ ಅವರ ತಂದೆಯೂ ಅಜ್ಜನೂ ಅದೇ ಊರಿನ ಅದೇ ಚಿಕಿತ್ಸಾಲಯದಲ್ಲಿ ವೈದ್ಯರಾಗಿದ್ದವರು. ಮೂರು ತಲೆಮಾರುಗಳ ವೈದ್ಯರು ಮೂರು ತಲೆಮಾರುಗಳ ರೋಗಿಗಳು ಎಂಬುದು ನಮಗೂ ಅಪರಿಚಿತವಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಇಂತಹ ಅಧ್ಯಯನಗಳು ಎರಡು ಸಂಗತಿಗಳು ಜೊತೆಜೊತೆಯಾಗಿ ಸಾಗುತ್ತವೆಂದು ತೋರಿಸುತ್ತವೆ. ಒಂದರಿಂದಲೇ ಇನ್ನೊಂದು ಆಯಿತೆಂದು ಖಚಿತವಾಗಿ ಸಾಧಿಸುವುದಿಲ್ಲ. ನೆಲೆನಿಂತ ಬದುಕುಳ್ಳವರು ವೈದ್ಯರನ್ನು ಬದಲಿಸುವುದಿಲ್ಲ. ಅಂತಹವರ ಆರೋಗ್ಯ ಮೊದಲೇ ಉತ್ತಮವಾಗಿರಬಹುದು. ಸಂಶೋಧಕರು ವಯಸ್ಸು, ವಿದ್ಯೆ, ಇತರ ಕಾಯಿಲೆಗಳು ಮುಂತಾದವನ್ನು ಲೆಕ್ಕಕ್ಕೆ ಹಿಡಿದು ತಿದ್ದಿದ್ದಾರೆ, ಆದರೂ ಪೂರ್ತಿ ತಿದ್ದಲಾಗದು. ಹಾಗೆಂದು ಈ ಅಂಕಿಗಳನ್ನು ಬದಿಗೆ ಸರಿಸುವುದು ನಮಗೆ ಸರಿಯೆನಿಸುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವ್ಯವಸ್ಥೆಗಳಲ್ಲಿ ಉತ್ತರ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಕೈ ತೋರಿಸುತ್ತಿದೆ. ಕಾರಣಗಳನ್ನು ಊಹಿಸುವುದೂ ಕಷ್ಟವಲ್ಲ. ಪರಿಚಿತ ವೈದ್ಯರೆದುರು ರೋಗಿ ನಿಜ ಹೇಳುತ್ತಾನೆ. ವೈದ್ಯರಿಗೂ ಅವನ ಮುಖ ನೋಡಿದೊಡನೆ ಇಂದು ಏನೋ ಬೇರೆಯಾಗಿದೆ ಎಂಬುದು ಹೊಳೆಯುತ್ತದೆ. ಅವರು ಹೇಳಿದ ಮಾತ್ರೆಯನ್ನು ಅವನು ಬಿಡದೆ ನುಂಗುತ್ತಾನೆ. ಅಗತ್ಯವಿಲ್ಲದ ಪರೀಕ್ಷೆಗಳೂ ತಪ್ಪುತ್ತವೆ.

ಪರಿಚಯಕ್ಕೆ ಇನ್ನೊಂದು ಮುಖವೂ ಇದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಬಹುಕಾಲದ ಸಲಿಗೆಯಿಂದ ವೈದ್ಯರು ‘ಇವರದು ಯಾವಾಗಲೂ ಇದೇ ದೂರು’ ಎಂದು ಹೊಸ ಕಾಯಿಲೆಯನ್ನು ಕಡೆಗಣಿಸುವುದುಂಟು. ಆರು ವಾರ ಕಳೆದರೂ ಇಳಿಯದ ನೋವು, ಕಾರಣವಿಲ್ಲದೆ ಇಳಿಯುವ ತೂಕ ಇಂತಹವುಗಳಿಗೆ ಮತ್ತೊಬ್ಬರ ಅಭಿಪ್ರಾಯ ಕೇಳುವುದು ಮನೆಯ ವೈದ್ಯರಿಗೆ ಅವಮಾನವಲ್ಲ; ಒಳ್ಳೆಯ ವೈದ್ಯರು ತಾವೇ ಚೀಟಿ ಬರೆದು ಕಳುಹಿಸುತ್ತಾರೆ.

ನಮ್ಮಲ್ಲಿಯ ಪರಿಸ್ಥಿತಿ

ನಮ್ಮ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ 1946ರ ಭೋರ್ ಸಮಿತಿಯ ವರದಿಯಿಂದ ಬಂದದ್ದು. ಬಯಲು ಸೀಮೆಯಲ್ಲಿ ಮೂವತ್ತು ಸಾವಿರ ಜನರಿಗೆ ಒಂದು ಕೇಂದ್ರ, ಐದು ಸಾವಿರಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಮಾನದಂಡ. ಗ್ಲಿನ್‌ಕೊರ್ರುಗ್‌ನ ವೈದ್ಯರಿಗೆ ಎರಡು ಸಾವಿರ ಜನ; ನಮ್ಮ ವೈದ್ಯಾಧಿಕಾರಿಗೆ ಅದರ ಹದಿನೈದು ಪಟ್ಟು. ಅದರ ಮೇಲೆ ವರ್ಗಾವಣೆ, ಸಭೆ, ವರದಿಗಳ ಹೊರೆ. ಜನರ ಮುಖಪರಿಚಯವಾಗುವಷ್ಟರಲ್ಲಿ ವೈದ್ಯರು ಬೇರೆ ತಾಲ್ಲೂಕಿಗೆ ಹೋಗಿರುತ್ತಾರೆ. ಹೀಗಿರುವಾಗ ವೈದ್ಯರೊಬ್ಬರೇ ಎಲ್ಲರನ್ನೂ ಬಲ್ಲವರಾಗಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಆದರೆ ಸಾವಿರ ಜನರಿಗೊಬ್ಬರಂತೆ ಆಶಾ ಕಾರ್ಯಕರ್ತೆಯರಿದ್ದಾರೆ. ಈ ವ್ಯವಸ್ಥೆ 2005ರಲ್ಲಿ ಆರಂಭವಾಯಿತು. ಅವರಿಗೆ ವರ್ಗಾವಣೆಯಿಲ್ಲ, ಅದೇ ಊರಿನ ಸೊಸೆಯರು. ಮೂರು ತಲೆಮಾರುಗಳ ಸಂಗತಿಯನ್ನು ಬಲ್ಲವರು ಯಾರಾದರೂ ಇದ್ದರೆ ಅವರೇ. ಬ್ರೆಜಿಲ್ ದೇಶವು 1994ರಲ್ಲಿ ತನ್ನ ಕುಟುಂಬ ಆರೋಗ್ಯ ಕಾರ್ಯಕ್ರಮವನ್ನು ಕಟ್ಟಿದ್ದು ಇಂತಹ ಸ್ಥಳೀಯ ಕಾರ್ಯಕರ್ತೆಯರನ್ನು ವೈದ್ಯರು ಮತ್ತು ದಾದಿಯರೊಡನೆ ಒಂದೇ ತಂಡವಾಗಿ ಸೇರಿಸಿ. 1990ರಿಂದ 2002ರ ವರೆಗಿನ ಅಂಕಿಗಳನ್ನು ಪರಿಶೀಲಿಸಿದಾಗ, ಕಾರ್ಯಕ್ರಮದ ವ್ಯಾಪ್ತಿ ಶೇಕಡಾ 10ರಷ್ಟು ಹೆಚ್ಚಿದಲ್ಲೆಲ್ಲ ಶಿಶುಮರಣ ಶೇಕಡಾ 4.5ರಷ್ಟು ಇಳಿದಿತ್ತು. ನಮ್ಮ ಆಶಾ ಕಾರ್ಯಕರ್ತೆಯರನ್ನು ನಾವು ಇನ್ನೂ ಗೌರವಧನದ ಕೆಲಸಗಾರರನ್ನಾಗಿಯೇ ಇಟ್ಟಿದ್ದೇವೆ. ಅವರ ಜ್ಞಾನಕ್ಕೆ ತಕ್ಕ ಸ್ಥಾನವನ್ನಾಗಲಿ ವೇತನವನ್ನಾಗಲಿ ಕೊಟ್ಟಿಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನೆಲೆನಿಂತು ಮಾಡಿದ ಕೆಲಸದ ಉದಾಹರಣೆ ಕರ್ನಾಟಕದಲ್ಲಿಯೂ ಇಲ್ಲದಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ನೆಲೆಸಿದ ಡಾ. ಎಚ್. ಸುದರ್ಶನ್ ಅವರು 1986ರಲ್ಲಿ ಸ್ಥಾಪಿಸಿದ ಕರುಣಾ ಟ್ರಸ್ಟ್ ಮೊದಲು ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ವಿರುದ್ಧ ಮನೆ ಮನೆ ತಿರುಗಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸಲು ವಹಿಸಿಕೊಂಡಿತು.

ಇನ್ನು ಶಿಬಿರಗಳ ವಿಷಯ. ಜಾತ್ರೆ, ಜಯಂತಿ, ಪುಣ್ಯಸ್ಮರಣೆಗಳ ಸಂದರ್ಭದಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರಗಳನ್ನು ನಡೆಸುವುದು ನಮ್ಮ ಸಂಘ ಸಂಸ್ಥೆಗಳಲ್ಲಿ ವಾಡಿಕೆಯಾಗಿದೆ. ಉದ್ದೇಶ ಶ್ಲಾಘ್ಯವೇ. ಆದರೆ ಶಿಬಿರದಲ್ಲಿ ಒತ್ತಡ 180 ಇದೆಯೆಂದು ಚೀಟಿ ಬರೆಸಿಕೊಂಡು ಹೋದವರು ಮರುತಿಂಗಳು ಏನಾದರು? ಹತ್ತು ದಿನಗಳ ಉಚಿತ ಮಾತ್ರೆ ತೀರಿದ ಮೇಲೆ ಹನ್ನೊಂದನೆಯ ದಿನ ಯಾರು ಕೇಳಿದರು? ಶಿಬಿರದ ವರದಿಯಲ್ಲಿ ತಪಾಸಣೆಯಾದವರ ಸಂಖ್ಯೆ ಇರುತ್ತದೆ, ಉದ್ಘಾಟಕರ ಛಾಯಾಚಿತ್ರ ಇರುತ್ತದೆ. ಆರು ತಿಂಗಳ ಬಳಿಕ ಎಷ್ಟು ಮಂದಿಯ ಒತ್ತಡ ಹತೋಟಿಯಲ್ಲಿದೆ ಎಂಬ ಅಂಕಣವೇ ಇರುವುದಿಲ್ಲ. ಒಂದು ಶಿಬಿರಕ್ಕೆ ಆಗುವ ಖರ್ಚಿನಲ್ಲಿ ಒಬ್ಬ ದಾದಿಯನ್ನು ನೇಮಿಸಿ, ಹಿಂದಿನ ಶಿಬಿರದಲ್ಲಿ ಪತ್ತೆಯಾದವರ ಮನೆಗೆ ತಿಂಗಳಿಗೊಮ್ಮೆ ಕಳುಹಿಸಿದರೆ ಹೆಚ್ಚು ಉಪಕಾರವಾದೀತು ಎಂದು ನಮಗೆ ತೋರುತ್ತದೆ. ಸಂಘಟಕರು ಇದನ್ನು ಆಕ್ಷೇಪವೆಂದು ತಿಳಿಯದೆ ಸಲಹೆಯೆಂದು ಭಾವಿಸಬೇಕು.

ಮನೆಯ ಮಟ್ಟದಲ್ಲಿ ಮಾಡಬಹುದಾದುದು ಬಹಳವೇನಲ್ಲ. ಹತ್ತಿರದಲ್ಲಿರುವ, ಕೇಳಿಸಿಕೊಳ್ಳುವ ತಾಳ್ಮೆಯಿರುವ ಒಬ್ಬ ಎಂ.ಬಿ.ಬಿ.ಎಸ್. ವೈದ್ಯರನ್ನು ಆರಿಸಿಕೊಂಡು, ತಜ್ಞರ ಬಳಿಗೆ ಹೋಗುವ ಮೊದಲೂ ಹೋಗಿಬಂದ ಮೇಲೂ ಅವರಿಗೆ ತೋರಿಸುವುದು. ಮನೆಮಂದಿಗೆಲ್ಲ ಒಂದು ದಪ್ಪ ನೋಟ್‌ಬುಕ್ ಇಟ್ಟು ಒಬ್ಬೊಬ್ಬರಿಗೆ ಕೆಲವು ಪುಟಗಳಂತೆ ಮಾತ್ರೆಯ ಹೆಸರು, ಒತ್ತಡ, ಸಕ್ಕರೆ, ತೂಕ, ಒಗ್ಗದ ಔಷಧ ಇವುಗಳನ್ನು ದಿನಾಂಕ ಸಹಿತ ಬರೆಯುವುದು. ಒತ್ತಡ ಅಳೆಯಿಸಿಕೊಳ್ಳುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ತಂಬಾಕು ಬೇಡ. ಎರಡು ಬಾರಿ ಅಳೆದು ನೋಡಬೇಕು. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಏರೊತ್ತಡವೆನ್ನುತ್ತಾರೆ. ತಲೆ ಸುತ್ತುವುದಿಲ್ಲವೆಂಬ ಕಾರಣಕ್ಕೆ ಮಾತ್ರೆ ನಿಲ್ಲಿಸಬಾರದು. ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳನ್ನು ಲೆಕ್ಕಕ್ಕೆ ಹಿಡಿದರೆ ನಮ್ಮ ಊಟದಲ್ಲಿ ಆ ಮಿತಿ ಎಲ್ಲಿ ಉಳಿದೀತು?

2024ರಲ್ಲಿ ಕರ್ನಾಟಕ ಸರ್ಕಾರವು ಕೋಲಾರ ಜಿಲ್ಲೆಯಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬಂದು ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ಮುಂತಾದವನ್ನು ತಪಾಸಿಸುವ ಏರ್ಪಾಡಿದೆ. ಗ್ಲಿನ್‌ಕೊರ್ರುಗ್‌ನಲ್ಲಿ 1968ರಲ್ಲಿ ಒಬ್ಬ ವೈದ್ಯರು ಮಾಡಿದ್ದನ್ನು ಒಂದು ರಾಜ್ಯವೇ ಕೈಗೆತ್ತಿಕೊಂಡಂತಾಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಹಗಲು ಹನ್ನೊಂದಕ್ಕೆ ಬಂದರೆ ಅರ್ಧ ಮನೆಗಳಿಗೆ ಬೀಗ. ಗಂಡಸರು ಹೊಲದಲ್ಲಿ, ಹೆಂಗಸರು ಕಳೆ ತೆಗೆಯಲು. ಸಿಗುವವರು ಕಟ್ಟೆಯ ಮೇಲಿನ ಮುದುಕರು. ಸಮೀಕ್ಷೆಯವರು ತಮ್ಮ ಊರಿಗೆ ಬಂದಾಗ ಯುವಕ ಸಂಘದವರಾಗಲಿ ಸ್ತ್ರೀಶಕ್ತಿ ಗುಂಪಿನವರಾಗಲಿ ಬೀಗ ಹಾಕಿದ ಮನೆಗಳ ಪಟ್ಟಿಯೊಂದನ್ನು ಅವರಿಂದ ಕೇಳಿ ಪಡೆದು, ಸಂಜೆ ದನಕರುಗಳು ಮನೆಗೆ ಬಂದ ಮೇಲೆ ಆ ಮನೆಗಳವರನ್ನು ಆಶಾ ಕಾರ್ಯಕರ್ತೆಯ ಬಳಿಗೆ ಕರೆದೊಯ್ಯಬಹುದು.